ಇಪ್ಪತ್ತೊಂದನೆಯವರು

2020ನೆಯ ಇಸವಿಯ ಮಾರ್ಚ್ 24ರಂದು ಕೇಂದ್ರ ಗೃಹಸಚಿವಾಲಯವು ಹೊರಡಿಸಿದ ಲಾಕ್‌ಡೌನ್ ಆದೇಶದಲ್ಲಿ ಒಂದು ಚಿಕ್ಕ ಸಾಲು ಇತ್ತು. ಅಂತ್ಯಸಂಸ್ಕಾರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ ಎಂಬುದು ಅದರ ಸಾರ. ರೈಲು, ಬಸ್ಸು, ಶಾಲೆ, ಕಾರ್ಖಾನೆ, ಪೂಜಾಸ್ಥಳಗಳೆಲ್ಲವನ್ನೂ ಮುಚ್ಚಿಸಿ ಇಡೀ ದೇಶದ ನಡಿಗೆಯನ್ನೇ ನಿಲ್ಲಿಸಿದ ಆ ಆದೇಶದಲ್ಲಿ ಈ ಒಂದು ಸಾಲು ಅನೇಕರ ಕಣ್ಣಿಗೆ ಬೀಳಲಿಲ್ಲ. ಮನೆಯಲ್ಲಿ ಸಾವು ಸಂಭವಿಸಿದವರಿಗೆ ಮಾತ್ರ ಅದು ಕಂಡಿತು.

ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದಲ್ಲಿ ಒಬ್ಬರು ತೀರಿಕೊಂಡರೆ ಮಣ್ಣಿಗೆ ಎಷ್ಟು ಜನ ಬರುತ್ತಾರೆಂಬುದನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಸಾವಿನ ಗಂಟೆ ಕೇಳಿದೊಡನೆ ಹೊಲದಲ್ಲಿದ್ದವರು ಹೊಲವನ್ನು ಬಿಟ್ಟು, ಅಂಗಡಿಯಲ್ಲಿದ್ದವರು ಬಾಗಿಲೆಳೆದು ಬರುತ್ತಾರೆ. ಮದುವೆಗಾದರೆ ಕರೆಯಬೇಕು, ಕರೆಯದಿದ್ದರೆ ಹೋಗುವುದಿಲ್ಲ. ಸಾವಿನ ಮನೆಗೆ ಕರೆ ಬೇಕಾಗಿಲ್ಲ. ಹಳೆಯ ಜಗಳವಿದ್ದವರೂ ಹಿಡಿ ಮಣ್ಣು ಹಾಕಲು ಬಂದು ನಿಲ್ಲುತ್ತಾರೆ. ಅಂತಹ ಸಮಾಜಕ್ಕೆ ಸರ್ಕಾರವು ಇಪ್ಪತ್ತು ಎಂಬ ಸಂಖ್ಯೆಯನ್ನು ಕೊಟ್ಟಿತು. ಗುರುಗಳು ಒಬ್ಬರು, ಉಪದೇಶಿಯವರೊಬ್ಬರು, ಗುಂಡಿ ತೋಡುವವರು ಇಬ್ಬರು, ಪೆಟ್ಟಿಗೆ ಹೊರುವವರು ನಾಲ್ವರು. ಎಂಟು ಆಯಿತು. ಉಳಿದ ಹನ್ನೆರಡರಲ್ಲಿ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು. ಸತ್ತವರ ಜೊತೆ ಐವತ್ತು ವರ್ಷ ಒಂದೇ ಬೆಂಚಿನಲ್ಲಿ ಕುಳಿತು ಜಪಸರ ಹೇಳಿದ ನೆರೆಮನೆಯ ಅಜ್ಜಿಗೆ ಸ್ಥಳವಿಲ್ಲ. ಆಕೆ ಇಪ್ಪತ್ತೊಂದನೆಯವಳು.

ಆದೇಶವು ಸಂಖ್ಯೆಯನ್ನು ಹೇಳಿತೇ ಹೊರತು ಹೆಸರುಗಳನ್ನು ಹೇಳಲಿಲ್ಲ. ಆ ಕೆಲಸವನ್ನು ದುಃಖದಲ್ಲಿ ಮುಳುಗಿದ್ದ ಮನೆಯವರಿಗೆ ಬಿಟ್ಟಿತು. ಒಳಗೆ ಯಾರು, ಹೊರಗೆ ಯಾರು ಎಂದು ತೀರ್ಮಾನಿಸುವುದು ಕಾನೂನಿನ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಅದನ್ನು ನಾವು ಎದುರಿಸಿದ್ದು ಅವಸರದಲ್ಲಿ, ಭಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ತುರ್ತು ಪರಿಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಘೋಷಿಸಿತು. ಅವಸರವೂ ಭಯವೂ ಇಲ್ಲದ ಈ ದಿನಗಳಲ್ಲಿ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳುವುದು ಒಳ್ಳೆಯದು. ಏಕೆಂದರೆ ಸಾಂಕ್ರಾಮಿಕ ರೋಗ ಇನ್ನೆಂದೂ ಬರುವುದಿಲ್ಲವೆಂದು ಯಾರೂ ಮಾತು ಕೊಟ್ಟಿಲ್ಲ.

ಮೊದಲು ಒಂದು ಆಕ್ಷೇಪವನ್ನು ವಿಚಾರಿಸೋಣ. ಆ ದಿನಗಳಲ್ಲಿ ಬಹಳ ಜನ ಕೇಳಿದ ಮಾತಿದು: ವೈರಾಣುವಿಗೆ ಲೆಕ್ಕ ಬರುತ್ತದೆಯೇ? ಇಪ್ಪತ್ತು ಜನ ಸೇರಿದರೆ ಸುಮ್ಮನಿದ್ದು ಇಪ್ಪತ್ತೊಂದನೆಯವರು ಬಂದೊಡನೆ ಎದ್ದು ಕೂರುತ್ತದೆಯೇ? ಮಾತು ಚುರುಕಾಗಿದೆ, ಕೇಳಿದವರು ನಗುತ್ತಿದ್ದರು. ಆದರೆ ಇದರಲ್ಲಿ ಹುರುಳಿಲ್ಲ. ಹದಿನೆಂಟನೆಯ ವರ್ಷ ತುಂಬಿದ ರಾತ್ರಿ ಯಾರಿಗೂ ಹೊಸ ವಿವೇಕ ಉದಯಿಸುವುದಿಲ್ಲ, ಆದರೂ ಮತದಾನಕ್ಕೆ ಒಂದು ವಯಸ್ಸನ್ನು ಗೊತ್ತುಮಾಡಲೇಬೇಕು. ಗೆರೆಯನ್ನು ಇಲ್ಲಿಯೇ ಏಕೆ ಎಳೆದರೆಂದು ಕೇಳಬಹುದು. ಗೆರೆಯೇ ಬೇಡವೆಂದು ಹೇಳಲಾಗುವುದಿಲ್ಲ. ಜನ ಹೆಚ್ಚಿದಷ್ಟೂ ಅವರಲ್ಲಿ ಒಬ್ಬರಿಗೆ ಸೋಂಕು ಇರುವ ಸಂಭವ ಹೆಚ್ಚುತ್ತದೆ, ಅವರಿಂದ ಪಡೆಯುವವರ ಸಂಖ್ಯೆಯೂ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಏರುವುದರಿಂದ ಸಭೆ ದೊಡ್ಡದಾದಂತೆ ಅಪಾಯ ಅದಕ್ಕಿಂತ ವೇಗವಾಗಿ ದೊಡ್ಡದಾಗುತ್ತದೆ.

ಇದಕ್ಕೆ ನಿದರ್ಶನವಾಗಿ ಒಂದು ಗಾಯನವೃಂದದ ಕಥೆಯನ್ನು ಹೇಳಬೇಕು. ನಮ್ಮ ದೇವಾಲಯಗಳಲ್ಲಿ ಹಾಡುವ ಪ್ರತಿಯೊಬ್ಬರೂ ಇದನ್ನು ತಿಳಿದಿರುವುದು ಒಳಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬ ಪ್ರಾಂತ್ಯದಲ್ಲಿ 2020ರ ಮಾರ್ಚ್ 10ರ ಸಂಜೆ ಒಂದು ಗಾಯನವೃಂದ ಅಭ್ಯಾಸಕ್ಕೆ ಸೇರಿತು. ಬಂದವರು 61 ಮಂದಿ. ಎರಡೂವರೆ ಗಂಟೆ ಹಾಡಿದರು. ಅವರಲ್ಲೊಬ್ಬರಿಗೆ ನೆಗಡಿಯಂತಹ ಲಕ್ಷಣಗಳಿದ್ದವು. ಮುಂದಿನ ದಿನಗಳಲ್ಲಿ 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಅವರಾರೂ ಉಡಾಫೆಯ ಜನರಲ್ಲ. ಅಭ್ಯಾಸಕ್ಕೆ ಬರುವಾಗ ಕೈ ಶುದ್ಧಿಗೆ ದ್ರಾವಣ ಇಟ್ಟುಕೊಂಡಿದ್ದರು, ಆಲಿಂಗನ ಬೇಡವೆಂದುಕೊಂಡಿದ್ದರು. ಆ ಊರಿನಲ್ಲಿ ಅಂತಹ ಕೂಟವನ್ನು ನಿಷೇಧಿಸುವ ಆದೇಶವೂ ಅಂದು ಇರಲಿಲ್ಲ. ಅಂದರೆ ಒಂದೇ ಒಂದು ನಿಯಮವನ್ನೂ ಮುರಿಯದೆ ಇಷ್ಟೆಲ್ಲ ನಡೆದುಹೋಯಿತು. ಮೂರು ತಿಂಗಳ ಬಳಿಕ, ಜೂನ್ 8ರಿಂದ ನಮ್ಮ ದೇಶದಲ್ಲಿ ಪೂಜಾಸ್ಥಳಗಳನ್ನು ತೆರೆಯಲು ಅನುಮತಿ ಬಂದಾಗ ಗಾಯನವೃಂದ ಬೇಡ, ಧ್ವನಿಮುದ್ರಿತ ಹಾಡು ಸಾಕು, ತೀರ್ಥಪ್ರೋಕ್ಷಣೆಯೂ ಬೇಡ ಎಂದು ಸೂಚಿಸಿದ್ದರು. ಭಕ್ತಿಯ ಮೇಲೆ ಸರ್ಕಾರಕ್ಕೇಕೆ ಈ ಹಗೆ ಎಂದು ಗೊಣಗಿದವರು ಆ 61 ಮಂದಿಯ ವಿಷಯವನ್ನು ತಿಳಿದಿದ್ದರೆ ಗೊಣಗುತ್ತಿರಲಿಲ್ಲವೇನೋ.

ಸಾಂಕ್ರಾಮಿಕ ರೋಗದಲ್ಲಿ ಧೈರ್ಯವೆಂಬ ಗುಣದ ಅರ್ಥವೇ ಬದಲಾಗುತ್ತದೆ ಎಂಬುದನ್ನು ನಾವು ಸಾಕಷ್ಟು ಗಮನಿಸಲಿಲ್ಲ. "ನನಗೆ ಸಾವಿನ ಭಯವಿಲ್ಲ, ದೇವರಿಟ್ಟಂತೆ ಆಗಲಿ" ಎಂದು ಎಷ್ಟೋ ಹಿರಿಯರು ಹೇಳಿದರು. ಹಾಗೆ ಹೇಳುವವರ ವಿಶ್ವಾಸವನ್ನು ಗೌರವಿಸೋಣ. ಆದರೆ ಅವರನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದು ಬೇರೆ: ನಿಮ್ಮ ಪಕ್ಕದಲ್ಲಿ ಕೂರುವ ಸಕ್ಕರೆ ಕಾಯಿಲೆಯವರ ಪ್ರಾಣದ ಮೇಲೆ ಪಣವೊಡ್ಡಲು ನಿಮಗೆ ಅಧಿಕಾರವಿದೆಯೇ? ನನ್ನ ಜೀವವನ್ನು ನಾನು ಒತ್ತೆಯಿಡುವುದು ಧೈರ್ಯ. ಇನ್ನೊಬ್ಬರ ಜೀವವನ್ನು, ಅವರನ್ನು ಕೇಳದೆ, ಒತ್ತೆಯಿಡುವುದಕ್ಕೆ ಆ ಹೆಸರು ಸಲ್ಲುವುದಿಲ್ಲ. ಮೈಯಲ್ಲಿ ಯಾವ ಲಕ್ಷಣವೂ ಇಲ್ಲದವರಿಂದಲೂ ಕೋವಿಡ್ ಹರಡುತ್ತಿತ್ತು. ತಾನು ಆರೋಗ್ಯವಾಗಿದ್ದೇನೆಂಬ ಅನಿಸಿಕೆಗೆ ಅಲ್ಲಿ ಬೆಲೆಯಿರಲಿಲ್ಲ.

ಕ್ರೈಸ್ತ ಪರಂಪರೆಗೆ ಈ ಪ್ರಶ್ನೆ ಹೊಸದೇನಲ್ಲ. 1527ರಲ್ಲಿ ವಿಟ್ಟನ್‌ಬರ್ಗ್ ನಗರಕ್ಕೆ ಪ್ಲೇಗ್ ಬಂದಾಗ ಮಾರ್ಟಿನ್ ಲೂಥರ್ ಊರು ಬಿಡದೆ ಉಳಿದರು. ಮಾರಕ ರೋಗ ಬಂದಾಗ ಕ್ರೈಸ್ತರು ಓಡಿಹೋಗಬಹುದೇ ಎಂದು ಕೇಳಿದ ಗುರುಗಳೊಬ್ಬರಿಗೆ ಅವರು ಬರೆದ ಉತ್ತರ ಇಂದಿಗೂ ಲಭ್ಯವಿದೆ. ತಮ್ಮ ಅಗತ್ಯವಿರುವ ರೋಗಿಯ ಬಳಿಗೆ ಅಂಜದೆ ಹೋಗುವುದಾಗಿಯೂ, ತಮ್ಮ ಅಗತ್ಯವಿಲ್ಲದ ಸ್ಥಳಗಳಿಂದ ಮತ್ತು ಜನರಿಂದ ದೂರವಿರುವುದಾಗಿಯೂ ಅದರಲ್ಲಿ ಹೇಳಿದ್ದಾರೆ. ತಮ್ಮಿಂದ ಇತರರಿಗೆ ಸೋಂಕು ತಗಲಿ ಅವರ ಸಾವಿಗೆ ತಾವು ಕಾರಣರಾಗಬಾರದೆಂಬುದು ಅವರು ಕೊಟ್ಟ ಕಾರಣ. ರೋಗಾಣುವೆಂದರೇನೆಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಬರೆದ ಮಾತಿದು.

ಅರ್ಧ ಶತಮಾನದ ನಂತರ, 1576ರಲ್ಲಿ, ಮಿಲಾನ್ ನಗರದ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ಅದೇ ಕಷ್ಟವನ್ನು ಎದುರಿಸಿದರು. ಅವರಿಗೂ ಲೂಥರರ ಪಂಥಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಲೂಥರರ ವಿರುದ್ಧ ಧರ್ಮಸಭೆಯನ್ನು ಗಟ್ಟಿಗೊಳಿಸಲು ಜೀವ ತೇಯ್ದವರು ಅವರು. ಆದರೂ ಪ್ಲೇಗಿನ ವಿಷಯದಲ್ಲಿ ಇಬ್ಬರೂ ಒಂದೇ ಕಡೆಗೆ ಬಂದರು. ಜನರನ್ನು ಮನೆಯೊಳಗೇ ಇರಿಸಲು ನಗರಾಡಳಿತ ನಿರ್ಧರಿಸಿದಾಗ ಬೊರೊಮಿಯೊ ಬೀದಿ ಕೂಡುವ ಸ್ಥಳಗಳಲ್ಲಿ ಬಲಿಪೀಠಗಳನ್ನು ಕಟ್ಟಿಸಿ, ಜನರು ತಮ್ಮ ತಮ್ಮ ಕಿಟಕಿಗಳಿಂದಲೇ ಬಲಿಪೂಜೆಯಲ್ಲಿ ಭಾಗವಹಿಸುವಂತೆ ಮಾಡಿದರು. ಗಂಟೆ ಬಾರಿಸಿದಾಗ ಇಡೀ ಬೀದಿಯವರು ಕಿಟಕಿಗೆ ಬಂದು ಪ್ರಾರ್ಥಿಸುತ್ತಿದ್ದರು. ಇದಕ್ಕೆ ಮುನ್ನ ಅದೇ ಬೊರೊಮಿಯೊ, ಅಧಿಕಾರಿಗಳಿಗೆ ಅಷ್ಟಾಗಿ ಹಿತವಿಲ್ಲದಿದ್ದರೂ, ಬರಿಗಾಲಿನಲ್ಲಿ ನಡೆದು ಪ್ರಾಯಶ್ಚಿತ್ತದ ಮೆರವಣಿಗೆಗಳನ್ನು ನಡೆಸಿದ್ದರೆಂಬುದನ್ನೂ ಹೇಳಬೇಕು. ಸಂತರ ಚರಿತ್ರೆಯಲ್ಲಿ ಅನುಕೂಲವಾದುದನ್ನು ಮಾತ್ರ ಆರಿಸಿಕೊಳ್ಳುವುದು ನ್ಯಾಯವಲ್ಲ. 2020ರ ಮಾರ್ಚ್ 27ರ ಸಂಜೆ ಅಂದಿನ ಜಗದ್ಗುರು ಫ್ರಾನ್ಸಿಸರು ಮಳೆಯಲ್ಲಿ, ಬರಿದಾದ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥಿಸಿದ್ದನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು.

ಆದ್ದರಿಂದ ಗುಂಪುಗೂಡದಿರುವುದು ವಿಶ್ವಾಸದ ಕೊರತೆ ಎಂಬ ವಾದ ನಿಲ್ಲುವುದಿಲ್ಲ. ಅದಕ್ಕಿಂತ ಕಠಿಣವಾದ ಇನ್ನೊಂದು ಆಕ್ಷೇಪವಿದೆ.

2021ರ ಏಪ್ರಿಲ್ 17, ಶನಿವಾರ. ಆ ದಿನ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೂ ಬಸವಕಲ್ಯಾಣ ಮತ್ತು ಮಸ್ಕಿ ವಿಧಾನಸಭಾ ಕ್ಷೇತ್ರಗಳಿಗೂ ಉಪಚುನಾವಣೆ ನಡೆಯಿತು. ಎರಡನೆಯ ಅಲೆ ಏಳುತ್ತಿದ್ದ ಹೊತ್ತಿನಲ್ಲಿ, ಅದಕ್ಕೆ ಮುಂಚಿನ ವಾರಗಳಲ್ಲಿ, ಸಾವಿರಾರು ಜನರ ಪ್ರಚಾರಸಭೆಗಳು ನಡೆದಿದ್ದವು. ಮತದಾನ ಮುಗಿದು ಹತ್ತು ದಿನ ಕಳೆಯುವುದರೊಳಗೆ ರಾಜ್ಯದಲ್ಲಿ ಕಠಿಣ ನಿರ್ಬಂಧಗಳು ಬಂದವು. ಶವಸಂಸ್ಕಾರಕ್ಕೆ ಐದೇ ಜನ ಎಂದಾಯಿತು. ಐದು! ಪೆಟ್ಟಿಗೆಗೆ ನಾಲ್ಕು ಹೆಗಲು, ಗುರುಗಳೊಬ್ಬರು, ಅಲ್ಲಿಗೆ ಮುಗಿಯಿತು. ಹೆಂಡತಿ ಎಲ್ಲಿ ನಿಲ್ಲಬೇಕು? ವೇದಿಕೆಯ ಮುಂದೆ ಸಾವಿರಾರು ಜನ ನಿಲ್ಲಬಹುದಾಗಿದ್ದ ನಾಡಿನಲ್ಲಿ ಅಪ್ಪನ ಗುಂಡಿಯ ಬಳಿ ಆರನೆಯ ಮಗ ನಿಲ್ಲುವಂತಿಲ್ಲವೆಂದರೆ ಸಿಟ್ಟು ಬರದಿರುವುದು ಹೇಗೆ?

ಅದೇ ಏಪ್ರಿಲ್ 17ರಂದು ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ ರಾಜಕುಮಾರ ಫಿಲಿಪ್ ಅವರ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿಯ ನಿಯಮದ ಪ್ರಕಾರ ಮೂವತ್ತು ಜನ. ಎಪ್ಪತ್ತಮೂರು ವರ್ಷ ಜೊತೆಗಿದ್ದ ಪತಿಯ ಶವಪೆಟ್ಟಿಗೆಯ ಮುಂದೆ ಎಲಿಜಬೆತ್ ರಾಣಿ ಮುಖಗವಸು ತೊಟ್ಟು ಒಂಟಿಯಾಗಿ ಕುಳಿತಿದ್ದರು. ಅದರ ಹಿಂದಿನ ರಾತ್ರಿ ಪ್ರಧಾನಮಂತ್ರಿಯ ಕಚೇರಿಯ ಸಿಬ್ಬಂದಿ ಬೀಳ್ಕೊಡುಗೆಯ ಕೂಟ ನಡೆಸಿ ಕುಡಿದು ಕುಣಿದಿದ್ದರೆಂಬುದು ತರುವಾಯ ಹೊರಬಿತ್ತು. 2022ರ ಜನವರಿಯಲ್ಲಿ ಆ ಕಚೇರಿ ಅರಮನೆಯ ಕ್ಷಮೆ ಕೇಳಿತು. ಬೇರೊಂದು ಕೂಟಕ್ಕಾಗಿ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೇ ಪೊಲೀಸರು ದಂಡ ವಿಧಿಸಿದರು. ಆ ದೇಶದ ಜನರನ್ನು ಕೆರಳಿಸಿದ್ದು ನಿಯಮದ ಕಾಠಿಣ್ಯವಲ್ಲ. ತಾವು ಒಪ್ಪಿಕೊಂಡು ನುಂಗಿದ ಕಹಿಯನ್ನು ಅದನ್ನು ಬರೆದವರೇ ನುಂಗಲಿಲ್ಲವೆಂಬುದು.

ನಿಯಮ ಮಾಡುವವರು ತಾವೇ ಅದನ್ನು ಮುರಿದರೆ ನಾವೂ ಮುರಿಯಬಹುದೇ? ನನ್ನ ಉತ್ತರ: ಇಲ್ಲ. ಆದರೆ ಈ "ಇಲ್ಲ"ವನ್ನು ಸಲೀಸಾಗಿ ಹೇಳಿಬಿಡುವವರ ಬಗ್ಗೆ ನನಗೆ ಅನುಮಾನವಿದೆ. ನಿಯಮವನ್ನು ನಾವು ಪಾಲಿಸುವುದು ಮಂತ್ರಿಗಾಗಿ ಅಲ್ಲ, ಪಕ್ಕದ ಬೆಂಚಿನವರಿಗಾಗಿ. ಮಂತ್ರಿಯ ಸಭೆಯಿಂದಾಗಿ ಆ ಪಕ್ಕದ ಬೆಂಚಿನವರ ಶ್ವಾಸಕೋಶವೇನೂ ಗಟ್ಟಿಯಾಗುವುದಿಲ್ಲ. ಊರಿನಲ್ಲಿ ಸೋಂಕು ಹೆಚ್ಚಾಗಿ ಅವರ ಅಪಾಯ ಬೆಳೆಯುತ್ತದಷ್ಟೆ. ಹೀಗಾಗಿ ದೊಡ್ಡವರು ತಪ್ಪಿದಾಗ ಚಿಕ್ಕವರ ಹೊರೆ ಇಳಿಯುವುದಿಲ್ಲ, ಇನ್ನೂ ಏರುತ್ತದೆ. ಇದು ಅನ್ಯಾಯ. ಅನ್ಯಾಯವೆಂದು ಬಾಯಿಬಿಟ್ಟು ಹೇಳುವುದೂ ನಿಯಮಪಾಲನೆಯಷ್ಟೇ ದೊಡ್ಡ ಕರ್ತವ್ಯ. ನಮ್ಮ ಸಂವಿಧಾನದ 25ನೆಯ ವಿಧಿಯು ಧಾರ್ಮಿಕ ಸ್ವಾತಂತ್ರ್ಯವನ್ನು ಕೊಡುವಾಗಲೇ ಅದು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟಿದೆ ಎನ್ನುತ್ತದೆ. ಆರೋಗ್ಯದ ಹೆಸರಿನಲ್ಲಿ ದೇವಾಲಯದ ಬಾಗಿಲು ಮುಚ್ಚಿಸುವ ಅಧಿಕಾರ ಸರ್ಕಾರಕ್ಕಿದೆ ಎಂದಾಯಿತು. ಆದರೆ ಅದೇ ಆರೋಗ್ಯದ ಅಳತೆಗೋಲು ಚುನಾವಣಾ ಸಭೆಗೂ ಅನ್ವಯಿಸಬೇಡವೇ? ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬ್ರೂಕ್ಲಿನ್ ಧರ್ಮಕ್ಷೇತ್ರವು ಕೇಳಿದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ. ನ್ಯೂಯಾರ್ಕಿನಲ್ಲಿ ಸೋಂಕು ಹೆಚ್ಚಿದ್ದ ವಲಯಗಳ ಪೂಜಾಸ್ಥಳಗಳಿಗೆ 10 ಅಥವಾ 25 ಜನರ ಮಿತಿಯಿತ್ತು. ಸುತ್ತಲಿನ ಅನೇಕ ಅಂಗಡಿಗಳಿಗೆ ಅಂತಹ ಮಿತಿಯಿರಲಿಲ್ಲ. 2020ರ ನವೆಂಬರ್ 25ರಂದು ಐದು ನ್ಯಾಯಾಧೀಶರು ಧರ್ಮಕ್ಷೇತ್ರದ ಪರವಾಗಿ, ನಾಲ್ವರು ವಿರುದ್ಧವಾಗಿ ನಿಂತರು. ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ಹೋಗುವುದಕ್ಕೂ ಒಂದು ಗಂಟೆ ಒಟ್ಟಿಗೆ ಕುಳಿತು ಹಾಡುವುದಕ್ಕೂ ವ್ಯತ್ಯಾಸವಿದೆ ಎಂಬ ಮಾತಿನಲ್ಲಿ ನನಗೆ ತೂಕ ಕಾಣುತ್ತದೆ. ಆದರೆ ಸಮಾನತೆಯ ಪ್ರಶ್ನೆಯನ್ನು ಕೇಳಿದ್ದು ತಪ್ಪೆಂದು ಹೇಳಲಾರೆ.

ನಿಯಮವನ್ನು ಬಲದಿಂದ ಹೇರಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯ ಪುಣೆಯೇ ಸಾಕ್ಷಿ. ಮುಂಬಯಿಯ ಪ್ಲೇಗನ್ನು ತಡೆಯಲು 1897ರಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದರು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದರು. ದೇವರ ಕೋಣೆ, ಅಡಿಗೆಮನೆಯೆನ್ನದೆ ಹೊಕ್ಕರು. ಅಲ್ಲಿಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರನ್ನು ಆ ವರ್ಷದ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗುಂಡಿಕ್ಕಿದರು. ನೂರ ಇಪ್ಪತ್ತಮೂರು ವರ್ಷಗಳ ಮೇಲೆ, 2020ರಲ್ಲಿ, ಅದೇ ಕಾಯ್ದೆಯನ್ನು ಮತ್ತೆ ಕೈಗೆತ್ತಿಕೊಂಡೆವು.

ಇನ್ನು ನಮ್ಮ ಮದುವೆಗಳ ವಿಷಯಕ್ಕೆ ಬರೋಣ. 2020ರ ಮೇ ತಿಂಗಳಿಂದ ಐವತ್ತು ಅತಿಥಿಗಳ ಮಿತಿ ಬಂತು. ನಮ್ಮ ಜನರ ಜಾಣತನಕ್ಕೆ ಇಲ್ಲಿ ಒಳ್ಳೆಯ ಅವಕಾಶ ಸಿಕ್ಕಿತೆನ್ನಬೇಕು. ಹತ್ತು ಗಂಟೆಗೆ ಐವತ್ತು, ಹನ್ನೊಂದಕ್ಕೆ ಐವತ್ತು, ಹನ್ನೆರಡಕ್ಕೆ ಐವತ್ತು ಎಂದು ಸರದಿಯ ಮೇಲೆ ಕರೆದವರಿದ್ದರು. ಯಾವ ಹೊತ್ತಿನಲ್ಲಿ ಅಧಿಕಾರಿ ಬಂದು ಎಣಿಸಿದರೂ ಲೆಕ್ಕ ಸರಿ! ಆದರೆ ವಧೂವರರು ಅಲ್ಲಿಯೇ ನಿಂತಿರುತ್ತಾರೆ, ಅಜ್ಜ ಅಜ್ಜಿ ಅಲ್ಲಿಯೇ ಕುಳಿತಿರುತ್ತಾರೆ, ಊಟ ಬಡಿಸುವ ಹುಡುಗರು ಬೆಳಗಿನಿಂದ ಸಂಜೆಯವರೆಗೆ ಪ್ರತಿಯೊಬ್ಬರ ಮುಂದೆಯೂ ಬಾಗುತ್ತಿರುತ್ತಾರೆ. ನೂರೈವತ್ತು ಜನರ ಉಸಿರು ಅವರ ಪಾಲಿಗೆ ನೂರೈವತ್ತೇ. ಕಾನೂನಿನ ಅಕ್ಷರವನ್ನು ಇಷ್ಟು ಚೆನ್ನಾಗಿ ಪಾಲಿಸಿ ಅದರ ಉದ್ದೇಶವನ್ನು ಇಷ್ಟು ಚೆನ್ನಾಗಿ ಕೊಲ್ಲುವ ಕಲೆ ಶುಭಸಂದೇಶಗಳಲ್ಲಿ ಬರುವ ಕೆಲವರಿಗೆ ಕರಗತವಾಗಿತ್ತು. ಯೇಸುಸ್ವಾಮಿ ಅವರ ಬಗ್ಗೆ ಏನು ಹೇಳಿದರೆಂಬುದು ನಿಮಗೆ ಗೊತ್ತಿದೆ.

ಮತ್ತೊಂದು ಕಡೆ, ಸಾಲ ಮಾಡದೆ ಮಗಳ ಮದುವೆ ಮುಗಿಸಿದ ತಂದೆಯರು ಆ ಐವತ್ತಕ್ಕೆ ಒಳಗೊಳಗೇ ಕೃತಜ್ಞರಾಗಿದ್ದರು. ಅವರ ನೆಮ್ಮದಿಯನ್ನು ಕಂಡು ಸಂತೋಷಪಡುವಾಗ ಶಾಮಿಯಾನದವರನ್ನು, ಬ್ಯಾಂಡ್‌ಸೆಟ್ಟಿನವರನ್ನು, ಅಡಿಗೆ ಭಟ್ಟರನ್ನು ಮರೆಯಬಾರದು. ಕೂಟಗಳೇ ಅವರ ಅನ್ನ. ಎರಡು ಮದುವೆಯ ಕಾಲಗಳು ಅವರ ಪಾಲಿಗೆ ಬರಿದಾಗಿ ಹೋದವು. ಕೂಡಬಾರದೆಂಬ ನಿಯಮದ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲ. ತಿಂಗಳ ಸಂಬಳ ಬರುತ್ತಿದ್ದವರು ಮನೆಯಲ್ಲಿ ಕುಳಿತು ನಿಯಮಪಾಲಕರಾಗುವುದು ಸುಲಭವಾಗಿತ್ತು.

ಇದಕ್ಕಿಂತಲೂ ನಮ್ಮನ್ನು ನಾಚಿಸಬೇಕಾದ ಸಂಗತಿಯೊಂದುಂಟು. ಯಾವ ಕೂಟದಿಂದ ರೋಗ ಹರಡಿತೆಂಬುದು ತಿಳಿದೊಡನೆ ಆ ಕೂಟದವರ ಮತ ಯಾವುದೆಂದು ನೋಡುವ ಚಾಳಿ. 2020ರ ಮಾರ್ಚಿನಲ್ಲಿ ದೆಹಲಿಯ ನಿಜಾಮುದ್ದೀನ್‌ನಲ್ಲಿ ತಬ್ಲೀಗಿ ಜಮಾತ್ ಸಭೆಗೆ ಬಂದವರಲ್ಲಿ ಸೋಂಕು ಕಂಡಾಗ ದೇಶದ ಒಂದು ಇಡೀ ಸಮುದಾಯವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಲಾಯಿತು. ಆ ಸಭೆಗೂ ತಮಗೂ ಯಾವ ಸಂಬಂಧವಿಲ್ಲದ ತರಕಾರಿ ಮಾರುವವರನ್ನು ಬೀದಿಯಿಂದ ಓಡಿಸಿದರು. ಆ ಆಗಸ್ಟಿನಲ್ಲಿ ಬಾಂಬೆ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು ಸಭೆಗೆ ಬಂದಿದ್ದ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಹರಕೆಯ ಕುರಿಯಾಗಿಸಲಾಯಿತೆಂಬ ಅಭಿಪ್ರಾಯ ವ್ಯಕ್ತಪಡಿಸಿತು. ಆ ಹೊತ್ತಿನಲ್ಲಿ ನಮ್ಮ ಮನೆಗಳ ಮೊಬೈಲುಗಳಲ್ಲಿಯೂ ಆ ವಿಷದ ಸಂದೇಶಗಳು ಓಡಾಡಿದವು. ಆದರೆ ಅದೇ ಫೆಬ್ರವರಿಯಲ್ಲಿ ಫ್ರಾನ್ಸಿನ ಮುಲೂಸ್ ನಗರದಲ್ಲಿ ರೋಗ ಹಬ್ಬಿದ್ದು ಒಂದು ಕ್ರೈಸ್ತ ಪ್ರಾರ್ಥನಾಕೂಟದಿಂದ. ದಕ್ಷಿಣ ಕೊರಿಯಾದ ದೇಗು ನಗರದಲ್ಲಿ ಹಬ್ಬಿದ್ದು ಯೇಸುವಿನ ಹೆಸರು ಹೇಳುವ ಒಂದು ಪಂಥದ ಆರಾಧನೆಯಿಂದ. ನಮ್ಮ ನೊವೇನಾ, ನಮ್ಮ ತೇರು, ನಮ್ಮ ಹಬ್ಬದ ಜಾತ್ರೆ ಒಂದು ವಾರ ಮುಂಚೆ ಬಿದ್ದಿದ್ದರೆ? ಒಟ್ಟಿಗೆ ಕೂಡಿ ದೇವರನ್ನು ಸ್ತುತಿಸುವ ಹಂಬಲ ಎಲ್ಲ ಮತದವರಲ್ಲಿಯೂ ಒಂದೇ. ವೈರಾಣು ಹಿಡಿದುಕೊಂಡದ್ದು ಆ ಹಂಬಲವನ್ನು.

ಈಗ ಮತ್ತೆ ಸಮಾಧಿಯ ಬಳಿಗೆ ಹೋಗೋಣ; ಹೇಳಬೇಕಾದ ಮುಖ್ಯ ಮಾತು ಅಲ್ಲಿದೆ. ನೀವು ಬಹುಶಃ ಕೇಳಿರದ ಸಂಗತಿಯಿದು. 2020ರ ಮಾರ್ಚ್ 15ರಂದೇ, ಅಂದರೆ ಲಾಕ್‌ಡೌನಿಗೆ ಒಂಬತ್ತು ದಿನ ಮುನ್ನ, ಕೇಂದ್ರ ಆರೋಗ್ಯ ಸಚಿವಾಲಯವು ಕೋವಿಡ್‌ನಿಂದ ತೀರಿಕೊಂಡವರ ದೇಹವನ್ನು ಹೇಗೆ ನೋಡಿಕೊಳ್ಳಬೇಕೆಂದು ಮಾರ್ಗಸೂಚಿ ಹೊರಡಿಸಿತ್ತು. ದೇಹವನ್ನು ಮುಟ್ಟಬಾರದು, ಮುತ್ತಿಡಬಾರದು, ಸ್ನಾನ ಮಾಡಿಸಬಾರದು ಎಂದು ಅದರಲ್ಲಿದ್ದುದು ಎಲ್ಲರಿಗೂ ತಿಳಿಯಿತು. ಆದರೆ ಚೀಲದ ಮುಖದ ಭಾಗವನ್ನು ಸಿಬ್ಬಂದಿ ತೆರೆದು, ಬಂಧುಗಳು ಕೊನೆಯ ಬಾರಿ ಮುಖ ನೋಡಲು ಅವಕಾಶ ಕೊಡಬಹುದು ಎಂದೂ ಅದರಲ್ಲಿತ್ತು. ಧರ್ಮಗ್ರಂಥದ ಪಠಣ, ಪವಿತ್ರ ಜಲದ ಪ್ರೋಕ್ಷಣೆ ಮುಂತಾಗಿ ದೇಹವನ್ನು ಮುಟ್ಟದೆ ಮಾಡಬಹುದಾದ ಸಂಸ್ಕಾರಗಳಿಗೆ ಅನುಮತಿಯಿದೆ ಎಂದೂ ಇತ್ತು. ಹೂಳುವುದಕ್ಕೂ ಅಡ್ಡಿಯಿರಲಿಲ್ಲ. ಮೃತದೇಹದಿಂದ ಯಾರಿಗಾದರೂ ಸೋಂಕು ತಗಲಿದ್ದಕ್ಕೆ ಆಧಾರ ದೊರೆತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಆ ತಿಂಗಳೇ ತಿಳಿಸಿತ್ತು. ಸತ್ತವರ ಘನತೆಯನ್ನೂ ಅವರ ಸಂಪ್ರದಾಯವನ್ನೂ ಗೌರವಿಸಬೇಕೆಂದು ಹೇಳಿತ್ತು.

ಆದರೂ ಏನಾಯಿತು? ಆ ಏಪ್ರಿಲ್‌ನಲ್ಲಿ ಚೆನ್ನೈಯಲ್ಲಿ ರೋಗಿಗಳ ಸೇವೆ ಮಾಡುತ್ತಲೇ ಸೋಂಕಿಗೆ ಬಲಿಯಾದ ಕ್ರೈಸ್ತ ವೈದ್ಯರೊಬ್ಬರನ್ನು ಹೂಳಲು ಹೋದಾಗ ಜನ ಗುಂಪುಗೂಡಿ ಆಂಬುಲೆನ್ಸಿಗೆ ಕಲ್ಲು ತೂರಿದರು. ನೋಡಿರಿ, ರೋಗ ಹರಡುತ್ತದೆಂಬ ಭಯದಿಂದ ಗುಂಪುಗೂಡಿದರು! ಜೂನ್ ತಿಂಗಳ ಕೊನೆಯಲ್ಲಿ ನಮ್ಮ ಬಳ್ಳಾರಿಯಲ್ಲಿ ಶವಗಳನ್ನು ಒಂದರ ಮೇಲೊಂದರಂತೆ ಗುಂಡಿಗೆಸೆದ ದೃಶ್ಯ ಹೊರಬಂದು ಜಿಲ್ಲಾಡಳಿತ ಕ್ಷಮೆ ಕೇಳಬೇಕಾಯಿತು. ಯಾವ ನಿಯಮವೂ ಇದನ್ನು ಮಾಡಿರೆಂದು ಹೇಳಿರಲಿಲ್ಲ. ಲಿಖಿತ ನಿಯಮಕ್ಕಿಂತ ನಮ್ಮ ಭಯ ಬರೆದುಕೊಂಡ ನಿಯಮವೇ ಹೆಚ್ಚು ಕ್ರೂರವಾಗಿತ್ತು. ಎಷ್ಟೋ ಮನೆಯವರು ತಾಯಿಯ ಮುಖವನ್ನು ನೋಡಲಿಲ್ಲ. ನೋಡಬಹುದೆಂದು ಅವರಿಗೆ ಯಾರೂ ಹೇಳಲಿಲ್ಲ. ಎಷ್ಟೋ ಕಡೆ ಸ್ವಂತ ಮಕ್ಕಳೇ ದೂರ ನಿಂತಾಗ ಬೆಂಗಳೂರಿನಲ್ಲಿಯೂ ಇತರ ಊರುಗಳಲ್ಲಿಯೂ ಹಿಂದೂ, ಮುಸ್ಲಿಮ್, ಕ್ರೈಸ್ತ ಸ್ವಯಂಸೇವಕರು ರಕ್ಷಾಕವಚ ತೊಟ್ಟು, ಗುರುತೇ ಇಲ್ಲದವರನ್ನು ಅವರವರ ಪದ್ಧತಿಯಂತೆ ಮಣ್ಣಿಗೋ ಬೆಂಕಿಗೋ ಒಪ್ಪಿಸಿದರು. ಅವರು ನಿಯಮವನ್ನು ಮುರಿದವರಲ್ಲ, ಅದನ್ನು ಪೂರ್ತಿ ಓದಿದವರು.

ಸತ್ತವರನ್ನು ಹೂಳುವುದು ಧರ್ಮಸಭೆ ಎಣಿಸುವ ದಯಾಕಾರ್ಯಗಳಲ್ಲೊಂದು. ತೊಬಿತನ ಗ್ರಂಥವನ್ನು ಓದಿರಿ. ನಿನೆವೆಯಲ್ಲಿ ಗಡೀಪಾರಾಗಿದ್ದ ತೊಬಿತನು ಅರಸನ ಕೋಪವನ್ನು ಲೆಕ್ಕಿಸದೆ, ಕೊಲೆಯಾಗಿ ಬಿದ್ದಿದ್ದ ತನ್ನ ಜನರ ಶವಗಳನ್ನು ಕದ್ದು ಹೂಳುತ್ತಾನೆ. ಅದಕ್ಕಾಗಿ ಆಸ್ತಿಯನ್ನೆಲ್ಲ ಕಳೆದುಕೊಳ್ಳುತ್ತಾನೆ. ಇದನ್ನು ಹಿಡಿದು, ದೇವಜನರು ಅರಸನ ಆಜ್ಞೆಗೆ ಮಣಿಯಬಾರದೆಂದು 2020ರಲ್ಲಿ ವಾದಿಸಿದವರಿದ್ದರು. ಹೋಲಿಕೆ ಸರಿಯಲ್ಲ. ಅಲ್ಲಿಯ ಅರಸನಿಗೆ ಸತ್ತವರನ್ನು ಅವಮಾನಿಸುವುದೇ ಬೇಕಾಗಿತ್ತು. ಇಲ್ಲಿಯ ಮಿತಿಗೆ ಬದುಕಿರುವವರನ್ನು ಉಳಿಸುವುದು ಬೇಕಾಗಿತ್ತು. ಆದರೂ ತೊಬಿತನಿಂದ ಕಲಿಯುವುದೊಂದಿದೆ: ಅವನು ಒಬ್ಬನೇ ಹೋದನು, ರಾತ್ರಿಯಲ್ಲಿ ಗುಂಡಿ ತೋಡಿದನು. ಹೂಳುವ ದಯಾಕಾರ್ಯಕ್ಕೆ ಜನಸಂದಣಿ ಬೇಕಾಗಲಿಲ್ಲ. ಹಾಗಾದರೆ ನಮ್ಮ ಇನ್ನೂರು ಮುನ್ನೂರು ಜನ ಸ್ಮಶಾನಕ್ಕೆ ಹೋಗುವುದು ಯಾರಿಗಾಗಿ? ಸತ್ತವರಿಗಿಂತ ಹೆಚ್ಚಾಗಿ ಉಳಿದವರಿಗಾಗಿ. ನೀವು ಒಂಟಿಯಲ್ಲವೆಂದು ವಿಧವೆಗೆ, ಮಕ್ಕಳಿಗೆ ತಿಳಿಸಲು. ಮಣ್ಣಿಗೆ ಮುಹೂರ್ತವಿದೆ, ಕಾಯಲಾಗುವುದಿಲ್ಲ. ಆದರೆ ನೀವು ಒಂಟಿಯಲ್ಲವೆಂದು ಹೇಳುವುದಕ್ಕೆ ಅಂತಹ ಮುಹೂರ್ತವೇನೂ ಇಲ್ಲ.

ಇಪ್ಪತ್ತೊಂದನೆಯವರ ಪ್ರಶ್ನೆಗೆ ನನಗೆ ಹೊಳೆಯುವ ಉತ್ತರ ಇದು. ಸ್ಮಶಾನದ ಗೇಟಿನ ಹೊರಗೆ ನಿಂತವರ ಕರ್ತವ್ಯವನ್ನು ನಿಯಮ ರದ್ದುಮಾಡಲಿಲ್ಲ, ಮುಂದಕ್ಕೆ ಹಾಕಿತು. ಬಾಕಿ ಉಳಿಯಿತು. ಕೆಲವರು ಅದನ್ನು ಆ ವಾರವೇ ತೀರಿಸಿದರು: ಬಾಗಿಲಲ್ಲಿ ಅನ್ನದ ಪಾತ್ರೆಯಿಟ್ಟು ದೂರ ಸರಿದು ನಿಂತು ಕೂಗಿ ಮಾತಾಡಿಸಿದರು, ದಿನವೂ ದೂರವಾಣಿ ಮಾಡಿದರು. ಹಲವರು ತೀರಿಸಲಿಲ್ಲ. ಮೊದಲು ನಿರ್ಬಂಧವಿತ್ತು, ಆಮೇಲೆ ಸಂಕೋಚವಾಯಿತು, ಆಮೇಲೆ ತಡವಾಯಿತೆನಿಸಿತು. "ಆಗ ಬರಲಾಗಲಿಲ್ಲ, ಈಗ ಯಾವ ಮುಖ ಹೊತ್ತು ಹೋಗಲಿ" ಎಂದುಕೊಂಡು ಆ ಮನೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿ ನಡೆದವರು ಇದ್ದಾರೆ. ಆ ಮನೆಯವರೋ, ಯಾರೂ ಬರಲಿಲ್ಲವೆಂಬ ನೋವನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಾರೆ.

ನಿಮ್ಮ ಧರ್ಮಕೇಂದ್ರದ ಮರಣ ದಾಖಲೆಯ ಪುಸ್ತಕದಲ್ಲಿ 2020 ಮತ್ತು 2021ರ ಪುಟಗಳಿವೆ. ಹೆಸರು, ವಯಸ್ಸು, ಹೂಳಿದ ತಾರೀಖು, ಗುರುಗಳ ಸಹಿ. ಬಂದವರು ಎಷ್ಟು ಜನರೆಂದು ಅಲ್ಲಿ ಬರೆಯುವ ಪದ್ಧತಿಯಿಲ್ಲ. ಗುರುಗಳನ್ನು ಕೇಳಿ ಆ ಹೆಸರುಗಳ ಒಂದು ಪಟ್ಟಿ ಮಾಡಿಕೊಳ್ಳಬಹುದು. ನವೆಂಬರ್ 2ರಂದು ಮೃತರ ಸ್ಮರಣೆಗೆ ಎಲ್ಲರೂ ಸ್ಮಶಾನಕ್ಕೆ ಹೋಗಿಯೇ ಹೋಗುತ್ತೇವೆ. ನಮ್ಮವರ ಸಮಾಧಿಗೆ ಮೇಣದ ಬತ್ತಿ ಹಚ್ಚಿದ ಮೇಲೆ ಆ ಪಟ್ಟಿಯ ಸಮಾಧಿಗಳಿಗೂ ಒಂದೊಂದು ಹಚ್ಚಿ, ಅಲ್ಲಿ ನಿಂತಿರುವ ಮನೆಯವರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು. ಈಗ ಅಲ್ಲಿ ಎಷ್ಟು ಜನ ನಿಂತರೂ ಯಾರೂ ಎಣಿಸುವುದಿಲ್ಲ.